ಮಂಗಳವಾರಕ್ಕೆ ವಿಷಯ ಇದೆಯೇ?

ಹನ್ನೊಂದು ವರ್ಷ, ಎರಡು ವಾರಕ್ಕೊಮ್ಮೆ ಶುಕ್ರವಾರ ಬೆಳಗ್ಗೆ ಹತ್ತು ಗಂಟೆಗೆ ಸರಿಯಾಗಿ ಹಿಸ್ಕೆಯ ಮೇಲ್ ಬರುತ್ತಿತ್ತು. ಅದರಲ್ಲಿ ಇರುತ್ತಿದ್ದುದು ಒಂದೇ ಸಾಲು: ‘ಮಂಗಳವಾರದ ಕಾಲ್‌ಗೆ ವಿಷಯವೇನಾದರೂ ಇದೆಯೇ?’ ನಾವು ನಲವತ್ತು ಜನ ಅದನ್ನು ತೆರೆಯದೆಯೇ ಅಳಿಸುತ್ತಿದ್ದೆವು. ಸೋಮವಾರ ಸಂಜೆ ಐದರೊಳಗೆ ಯಾರೂ ವಿಷಯ ಕಳಿಸದಿದ್ದರೆ ಅವಳಿಂದ ಎರಡನೇ ಮೇಲ್: ‘ವಿಷಯಗಳಿಲ್ಲ. ಕಾಲ್ ರದ್ದು.’ ಇದನ್ನು ಮಾತ್ರ ಎಲ್ಲರೂ ಓದುತ್ತಿದ್ದೆವು. ಆನ್‌ಲೈನ್ ಸಭೆಯ ಒಂದು ಗಂಟೆ ಪುಕ್ಕಟೆ ಸಿಕ್ಕಿತಲ್ಲ ಎಂದು ಖುಷಿ. ಆ ಖುಷಿಯನ್ನು ನೆನೆದರೆ ಈಗ ನನಗೆ ಹೇಸಿಗೆಯಾಗುತ್ತದೆ. ಅದನ್ನು ಮೊದಲೇ ಹೇಳಿ ಮುಂದಕ್ಕೆ ಹೋಗುತ್ತೇನೆ.

ನಾವು ಎಂದರೆ ಒಂದು ಎಮ್ಯುಲೇಟರ್ ಬರೆಯುವವರು. ಹಳೆಯ ಕಂಪ್ಯೂಟರ್ ಸತ್ತುಹೋಗಿರುತ್ತದೆ, ಅದರ ಬಿಡಿಭಾಗ ಜಗತ್ತಿನಲ್ಲೆಲ್ಲೂ ಸಿಗುವುದಿಲ್ಲ. ಆದರೆ ಅದರೊಳಗೆ ಓಡುತ್ತಿದ್ದ ಪ್ರೋಗ್ರಾಂ ಇನ್ನೂ ಬೇಕು. ಆಗ ಹೊಸ ಕಂಪ್ಯೂಟರೊಂದು ಹಳೆಯದರ ವೇಷ ಹಾಕುತ್ತದೆ. ಒಳಗಿನ ಪ್ರೋಗ್ರಾಮಿಗೆ ತಾನು ತನ್ನ ಹಳೆಯ ಮನೆಯಲ್ಲೇ ಇದ್ದೇನೆಂಬ ನಂಬಿಕೆ. ಆ ವೇಷ ಹಾಕಿಸುವುದು ನಮ್ಮ ಕೆಲಸ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದು. ನಮ್ಮಲ್ಲಿ ಯಜಮಾನರಿಲ್ಲ, ಎಲ್ಲರೂ ಸಮಾನರು ಎಂದು ಮೊದಲ ಪುಟದಲ್ಲೇ ಬರೆದುಕೊಂಡಿದ್ದೇವೆ. ಬರೆದುಕೊಳ್ಳುವುದಕ್ಕೇನು.

ಹಿಸ್ಕೆ ಲೂಟ್‌ವರ್ಡ್ ಎಂಬ ಹಳ್ಳಿಯ ಪಂಪ್‌ಮನೆಯವಳು, ತಗ್ಗಿನ ನೀರನ್ನು ಕಾಲುವೆಗೆ ಎತ್ತಿ ಹಾಕುವ ಪಂಪ್ ಅವಳ ಸುಪರ್ದಿಯಲ್ಲಿ. ನಾನು ಹತ್ತಿರದ ಪಟ್ಟಣ ಲೇವಾರ್ಡೆನ್ನಿನಲ್ಲಿರುವುದು, ಅವಳ ಮನೆಗೆ ಸೈಕಲ್ಲಿನಲ್ಲಿ ಮುಕ್ಕಾಲು ಗಂಟೆ, ಗಾಳಿ ಎದುರಿದ್ದರೆ ಒಂದೂಕಾಲು. ಅವಳ ಅಪ್ಪ ಅದೇ ಪಂಪಿನ ಮೇಲ್ವಿಚಾರಕನಾಗಿದ್ದ. ಇಪ್ಪತ್ತಮೂರನೇ ವಯಸ್ಸಿಗೆ ಇವಳು ಆ ಕೆಲಸ ಹಿಡಿದಳು. ಈಗ ಐವತ್ತೇಳು. ಮದುವೆಯಾಗಲಿಲ್ಲ, ಕೇಳಿದವರಿಗೆ ‘ಪಂಪ್ ಬಿಟ್ಟು ಎಲ್ಲಿಗೆ ಬರ್ಲಿ’ ಎಂದು ಬಾಯಿ ಮುಚ್ಚಿಸುತ್ತಾಳೆ. ಪಂಪಿನ ಸದ್ದು ಸ್ವಲ್ಪ ಬದಲಾದರೆ ಅಡುಗೆಮನೆಯಲ್ಲಿ ಕೂತಲ್ಲೇ ತಲೆ ಎತ್ತುತ್ತಾಳೆ. ಸುತ್ತಲಿನ ಹೊಲ, ಹಟ್ಟಿ, ಇಗರ್ಜಿ ಎಲ್ಲವೂ ಕಾಲುವೆಯ ನೀರಿಗಿಂತ ತಗ್ಗಿನಲ್ಲಿವೆ. ಪಂಪ್ ನಿಂತರೆ ನೀರು ಯಾರ ಅನುಮತಿಯನ್ನೂ ಕೇಳುವುದಿಲ್ಲ.

ಎಂಬತ್ತಾರರಲ್ಲಿ ಹಾಕಿಸಿದ ನಿಯಂತ್ರಣದ ಕಂಪ್ಯೂಟರ್ ಒಂದು ದಿನ ಸತ್ತಿತು. ಪಂಪ್‌ಮನೆ ಮುಚ್ಚಿ, ಹನ್ನೆರಡು ಕಿಲೋಮೀಟರ್ ಆಚೆಗಿನ ದೊಡ್ಡ ಕೇಂದ್ರದಿಂದಲೇ ನೀರೆತ್ತುತ್ತೇವೆ ಎಂದಿತು ನೀರು ಮಂಡಳಿ. ಆ ದೊಡ್ಡ ಕೇಂದ್ರದ ಎಳೆತ ಲೂಟ್‌ವರ್ಡ್‌ನ ತಗ್ಗಿಗೆ ಬಂದು ಮುಟ್ಟುವುದರೊಳಗೆ ಅರ್ಧ ದಿನ ಕಳೆದಿರುತ್ತದೆ. ಹಿಸ್ಕೆ ಒಪ್ಪಲಿಲ್ಲ. ಎಲ್ಲಿಂದಲೋ ನಮ್ಮ ಎಮ್ಯುಲೇಟರನ್ನು ಹುಡುಕಿ ತಂದು, ಹಳೆಯ ಪ್ರೋಗ್ರಾಮನ್ನು ಅದರೊಳಗೆ ಕೂರಿಸಲು ಹೊರಟಳು. ಸಿಕ್ಕಿಹಾಕಿಕೊಂಡಾಗ ಎಲ್ಲರಿಗೂ ಒಟ್ಟಿಗೆ ಮೇಲ್ ಹೋಗುವ ನಮ್ಮ ಮೇಲಿಂಗ್ ಲಿಸ್ಟ್‌ಗೆ ಒಂದು ಪ್ರಶ್ನೆ ಬರೆದಳು. ಉತ್ತರ ಕೊಟ್ಟವನು ಬ್ರೆಮೆನ್ನಿನ ಎಲ್ಮಾರ್ ಥೀಸೆನ್. ಯಂತ್ರದ ಭಾಗಗಳನ್ನು ಜೋಡಿಸುವ ಇಡೀ ಚೌಕಟ್ಟು ಅವನ ಕೈಯಲ್ಲಿದೆ. ‘ಕೈಪಿಡಿ ಓದಿ’ ಎಂದು ಎರಡೇ ಪದ ಬರೆದ. ಹಿಸ್ಕೆ ಕೈಪಿಡಿಯನ್ನು ಮೊದಲಿಂದ ಕೊನೆಯವರೆಗೆ ಓದಿ, ಅದರಲ್ಲಿನ ಮೂವತ್ತೊಂದು ತಪ್ಪುಗಳನ್ನು ತಿದ್ದಿ ಕಳಿಸಿದಳು. ಹೀಗೆ ಅವಳು ನಮ್ಮವಳಾದಳು, ಅಂದರೆ ಅರ್ಧ ನಮ್ಮವಳು. ಕೈಪಿಡಿಯ ಬೀಗದ ಕೈ, ಅಂದರೆ ಅದರ ಪುಟಗಳನ್ನು ತಿದ್ದುವ ಅಧಿಕಾರ, ಅವಳಿಗೆ ಕೊಟ್ಟೆವು, ಏಕೆಂದರೆ ಅದು ಬೇರೆ ಯಾರಿಗೂ ಬೇಕಿರಲಿಲ್ಲ.

ಕಾಲ್ ಏರ್ಪಡಿಸುತ್ತಿದ್ದವನು ಬಿಟ್ಟುಹೋದಾಗಲೂ ಹಾಗೆಯೇ ಆಯಿತು. ಗಾಲ್ವೇಯ ಓರ್ಲಾ, ಹೊಸ ಆವೃತ್ತಿಗಳ ಬಿಡುಗಡೆ ನೋಡಿಕೊಳ್ಳುವವಳು, ಯಾರು ಮಾಡುತ್ತೀರಿ ಎಂದು ಕೇಳಿದಳು. ಯಾರೂ ಬಾಯಿ ಬಿಡಲಿಲ್ಲ.

‘ಹಿಸ್ಕೆ, ನೀನೇ ಮಾಡ್ತೀಯಾ? ನಿಮ್ಮ ಡಚ್ಚರಿಗೆ ಮೀಟಿಂಗ್ ಅಂದ್ರೆ ಪ್ರಾಣ ಅಲ್ವಾ’ ಎಂದಳು ಓರ್ಲಾ.

‘ನಾನು ಡಚ್ ಅಲ್ಲ, ಫ್ರೀಸಿಯನ್. ನಮ್ಮ ಭಾಷೆಯೇ ಬೇರೆ’ ಎಂದಳು ಹಿಸ್ಕೆ. ‘ಆದ್ರೂ ಮಾಡ್ತೀನಿ. ನೀವೆಲ್ಲ ಉಸಿರು ಬಿಗಿ ಹಿಡ್ಕೊಂಡಿದೀರ, ಪಾಪ.’

ಇನ್ನು ಹೆಸರಿನ ಕಥೆ. ನಮ್ಮ ವೇಷದ ಯಂತ್ರದೊಳಗೆ ಪ್ರತಿಯೊಂದು ಭಾಗವೂ ಒಂದು ಮರದ ಕೊಂಬೆಗೆ ತೂಗುಬಿದ್ದಿರುತ್ತದೆ. ಬರೆದವನು ಹೆಸರಿಟ್ಟಿದ್ದರೆ ಆ ಭಾಗಕ್ಕೆ ಹೆಸರಿರುತ್ತದೆ. ಇಡದಿದ್ದರೆ ಅದು ‘ಅನಾಥರು’ ಎಂಬ ಕೊಂಬೆಗೆ ಬೀಳುತ್ತದೆ, ಅಲ್ಲಿ ಹುಟ್ಟಿದ ಕ್ರಮದಲ್ಲಿ ಒಂದು, ಎರಡು, ಮೂರು ಎಂದು ನಂಬರ್ ಮಾತ್ರ ಸಿಗುತ್ತದೆ. ಹೆಸರಿಡುವುದಕ್ಕೆ ಬೇಕಾದದ್ದು ಒಂದು ಪದ. ಆ ಒಂದು ಪದ ಬರೆಯಲು ಸೋಮಾರಿತನ ಮಾಡಿ ಇಪ್ಪತ್ತು ವರ್ಷದಿಂದ ನಾವೆಲ್ಲ ಭಾಗಗಳನ್ನು ಆ ಅನಾಥಾಲಯಕ್ಕೆ ತಳ್ಳುತ್ತ ಬಂದಿದ್ದೇವೆ. ಹಿಸ್ಕೆಯ ಯಂತ್ರದಲ್ಲಿ ಅಳತೆಗಳು ಬಂದು ಸೇರುವ ಕಿಂಡಿಗಳು ನಾಲ್ಕು, ನೋಡಲು ನಾಲ್ಕೂ ಒಂದೇ ಥರ. ತಗ್ಗಿನ ನೀರಿನ ಮಟ್ಟ ಹೇಳುವ ಕಿಂಡಿ ಅನಾಥರಲ್ಲಿ ಏಳನೇ ನಂಬರ್. ಅವಳು ಬರೆದ ಕಾವಲಿನ ಪ್ರೋಗ್ರಾಂ ಏಳನೆಯವನನ್ನು ಕೇಳುತ್ತಿತ್ತು, ಅವನು ಹೇಳಿದಂತೆ ಪಂಪನ್ನು ನಡೆಸುತ್ತಿತ್ತು. ಹನ್ನೆರಡು ವರ್ಷ ಒಂದು ದಿನವೂ ತಪ್ಪಲಿಲ್ಲ.

ಕಳೆದ ಜನವರಿಯಲ್ಲಿ ಭದ್ರತೆಗೆ ಅಗತ್ಯವೆಂದು ಹೊಸ ಆವೃತ್ತಿ ಹಾಕಿದಳು. ಹಾಕಲೇಬೇಕು, ಮಂಡಳಿಯ ನಿಯಮ. ಆ ಆವೃತ್ತಿಯಲ್ಲಿ ಯಾರೋ ಒಂದು ಸಣ್ಣ ಗಡಿಯಾರವನ್ನು ಸೇರಿಸಿದ್ದರು, ಹೆಸರಿಡದೆ. ಅದು ಸಾಲಿನ ಮುಂದೆ ಹೋಗಿ ಕೂತಿತು, ಹಿಂದಿದ್ದವರೆಲ್ಲ ಒಂದೊಂದು ಜಾಗ ಸರಿದರು. ಏಳನೆಯವನು ಈಗ ನೀರಿನ ಮಟ್ಟವಲ್ಲ, ಪಂಪಿನ ಎಣ್ಣೆಯ ಬಿಸಿ. ಚಳಿಗೆ ಎಣ್ಣೆ ತಣ್ಣಗಿತ್ತು. ಕಾವಲಿನ ಪ್ರೋಗ್ರಾಂ ಅದನ್ನೇ ನೀರಿನ ಮಟ್ಟವೆಂದು ಓದಿಕೊಂಡು, ನೀರು ತೀರಾ ಇಳಿದಿದೆ ಎಂದು ಪಂಪನ್ನು ನಿಲ್ಲಿಸಿತು. ಹೊರಗೆ ಮೂರು ದಿನದಿಂದ ಮಳೆ.

ಹಿಸ್ಕೆ ಅಂದು ಬೆಳಗ್ಗೆ ಹಲ್ಲಿನ ಡಾಕ್ಟರ ಬಳಿ ಲೇವಾರ್ಡೆನ್ನಿಗೆ ಬಂದಿದ್ದಳು. ವಾಪಸು ಹೋಗುವಷ್ಟರಲ್ಲಿ ನೆರೆಯ ರೈತ ಡೌವೆ ಸಿಕ್ಕೆಮಾನ ಹಟ್ಟಿಯಲ್ಲಿ ಮೊಣಕಾಲುದ್ದ ನೀರು. ಡೌವೆಯ ಹಟ್ಟಿ ಎಲ್ಲಕ್ಕಿಂತ ತಗ್ಗಿನಲ್ಲಿದೆ. ದೊಡ್ಡ ಹಸುಗಳನ್ನು ಹೊರಗೆ ಹೊಡೆದಿದ್ದ, ಕರುಗಳ ಕಟಕಟೆಯ ಬಾಗಿಲು ನೀರಿನೊತ್ತಡಕ್ಕೆ ತೆರೆಯಲಿಲ್ಲ. ಹಿಸ್ಕೆ ಅರಿವಳಿಕೆಯಿಂದ ಅರ್ಧ ಮರಗಟ್ಟಿದ್ದ ಬಾಯಲ್ಲೇ ನೀರಿಗಿಳಿದು ಅವನ ಜೊತೆ ಬಾಗಿಲು ಮುರಿದಳು. ಒಂಬತ್ತು ಕರು ಉಳಿದವು, ಐದು ಸತ್ತವು. ಡೌವೆ ಅವಳನ್ನು ಬೈಯಲಿಲ್ಲ. ‘ನಿನ್ನ ಆಟದ ಸಾಮಾನು ಇವತ್ತು ಸರಿಯಾಗಿ ಆಟ ಆಡ್ತು, ಹಿಸ್ಕೆ’ ಎಂದಷ್ಟೇ ಹೇಳಿ ಒಳಗೆ ಹೋದ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳು ಆಮೇಲೆ ನನ್ನ ಹತ್ತಿರ ಹೇಳಿದಳು.

ಫೆಬ್ರವರಿಯಲ್ಲಿ ಮಂಡಳಿಯ ಪತ್ರ ಬಂತು. ಭಾಗಗಳ ಹೆಸರು ಇನ್ನು ಮುಂದೆ ಹೀಗೆ ಸರಿಯುವುದಿಲ್ಲ ಎಂದು ಆ ಎಮ್ಯುಲೇಟರ್ ಮಾಡುವವರು ಬರಹದಲ್ಲಿ ಕೊಡಬೇಕು. ಆಗಸ್ಟ್ ಒಂದರೊಳಗೆ ಕೊಡದಿದ್ದರೆ ಪಂಪ್‌ಮನೆ ಮುಚ್ಚುತ್ತದೆ. ಹಿಸ್ಕೆಗೆ ಬೇಕಾದದ್ದು ಅದಷ್ಟೇ: ನಮ್ಮ ಕೈಪಿಡಿಯಲ್ಲಿ ‘ನಾವು ಮಾತು ಕೊಡುವ ಸಂಗತಿಗಳು’ ಎಂಬ ಪುಟವಿದೆ, ಅದರಲ್ಲಿ ಒಂದು ಸಾಲು. ಒಮ್ಮೆ ಬಿಡುಗಡೆಯಾದ ಹೆಸರನ್ನು ಎರಡು ಆವೃತ್ತಿ ಮುಂಚಿತವಾಗಿ ತಿಳಿಸದೆ ಬದಲಿಸುವುದಿಲ್ಲ, ಅನಾಥರಿಗೆಲ್ಲ ಹೆಸರಿಡುತ್ತೇವೆ, ಇಷ್ಟು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳು ತನ್ನದೇ ಮೇಲ್‌ಗೆ ತಾನೇ ಉತ್ತರ ಬರೆದು ವಿಷಯ ಸೇರಿಸಿದಳು.

ಮೊದಲ ಕಾಲ್‌ನಲ್ಲಿ ಅದು ನಾಲ್ಕನೇ ವಿಷಯ. ಮೊದಲ ಮೂರೂ ಎಲ್ಮಾರನವು, ಐವತ್ತೈದು ನಿಮಿಷ ಅವನೇ ಮಾತಾಡಿದ. ಉಳಿದ ಐದು ನಿಮಿಷದಲ್ಲಿ, ‘ಇದನ್ನ ಲಿಸ್ಟ್‌ನಲ್ಲಿ ಚರ್ಚೆ ಮಾಡೋಣ’ ಎಂದ. ಹಿಸ್ಕೆ ಲಿಸ್ಟ್‌ಗೆ ಬರೆದಳು. ಅರವತ್ತೆರಡು ಮೇಲ್ ಬಂದವು. ಹೆಸರಲ್ಲಿ ಅಡ್ಡಗೆರೆ ಇರಬೇಕೋ ಚುಕ್ಕೆ ಇರಬೇಕೋ ಎಂಬುದಕ್ಕೇ ನಲವತ್ತು. ಕೊನೆಗೆ ಓರ್ಲಾ ಬರೆದಳು: ‘ಇದು ಬರೆದು ಮುಗಿಯುವ ವಿಷಯವಲ್ಲ, ಕಾಲ್‌ನಲ್ಲಿ ಮಾತಾಡೋಣ.’ ಎರಡನೇ ಕಾಲ್‌ಗೆ ಎಲ್ಮಾರ್ ಬರಲಿಲ್ಲ, ಅವನಿಲ್ಲದೆ ಮಾತಾಡಿ ಏನು ಪ್ರಯೋಜನ ಎಂದು ಮುಂದಕ್ಕೆ ಹಾಕಿದೆವು. ನಾನೂ ಹೂಂ ಎಂದೆ. ಮೂರನೆಯದು ಏಪ್ರಿಲ್‌ನಲ್ಲಿ. ಆ ದಿನದ ಮಾತು ಒಂದೊಂದೂ ನನಗೆ ನೆನಪಿದೆ.

‘ಆ ನಂಬರ್‌ಗಳು ನಮ್ಮ ಒಳಗಿನ ವ್ಯವಹಾರ’ ಎಂದ ಎಲ್ಮಾರ್. ಬೇರೆಯವರಿಗೆಲ್ಲ ನೀನು ಎನ್ನುವವನು ಹಿಸ್ಕೆಗೆ ಮಾತ್ರ ನೀವು ಎನ್ನುತ್ತಿದ್ದ. ಅದು ಮರ್ಯಾದೆಯಲ್ಲ, ಹೊಸ್ತಿಲಾಚೆ ನಿಲ್ಲಿಸಿ ಮಾತಾಡಿಸುವ ರೀತಿ. ‘ನಾವು ಯಾವತ್ತೂ ಮಾತು ಕೊಟ್ಟಿಲ್ಲ. ಮಾತು ಕೊಡದೇ ಇರೋದನ್ನ ನಂಬಿಕೊಂಡ್ರೆ ಅದು ನಿಮ್ಮ ತಪ್ಪು.’

‘ಹೆಸರಿಲ್ಲ, ಇರೋದು ನಂಬರ್ ಮಾತ್ರ. ಮತ್ತೆ ಯಾವುದನ್ನ ನಂಬ್ಲಿ?’

‘ಯಾವುದನ್ನೂ ನಂಬಬೇಡಿ. ಪ್ರತಿ ಆವೃತ್ತಿ ಬಂದಾಗ್ಲೂ ಪರೀಕ್ಷೆ ಮಾಡ್ಕೊಳ್ಳಿ.’

‘ಪರೀಕ್ಷೆ ಆಯ್ತು. ಐದು ಕರು ಸತ್ತು ಪರೀಕ್ಷೆ ಆಯ್ತು.’

‘ನನಗೂ ಬೇಜಾರಾಗುತ್ತೆ. ಆದ್ರೆ ಒಂದು ಹಳ್ಳಿಯ ಪಂಪ್‌ಗೋಸ್ಕರ ನಮ್ಮ ಕೈ ಕಟ್ಟಿ ಹಾಕ್ಕೊಳ್ಳೋಕೆ ಆಗಲ್ಲ. ಸಮಯ ಆಯ್ತು ಅಲ್ವಾ?’

ಸಮಯ ಆಗಿತ್ತು. ಸಮಯ ನೋಡಿ ಕಾಲ್ ಮುಗಿಸುವ ಕೆಲಸವೂ ಹಿಸ್ಕೆಯದೇ. ‘ಆಯ್ತು’ ಎಂದು ಮುಗಿಸಿದಳು.

ನಾನು ಆ ಗಂಟೆಯಲ್ಲಿ ಒಂದು ಮಾತೂ ಆಡಲಿಲ್ಲ. ಯಾಕೆಂದರೆ ಆ ಗಡಿಯಾರ ಸೇರಿಸಿದವನು ನಾನು. ಯಾವ ಸಾಲನ್ನು ಯಾರು ಯಾವಾಗ ಬರೆದರು ಎಂಬುದು ನಮ್ಮಲ್ಲಿ ಎಂದೆಂದಿಗೂ ಉಳಿಯುತ್ತದೆ, ಬೇಕಾದವರು ಒಂದು ಆಜ್ಞೆ ಕೊಟ್ಟು ನೋಡಬಹುದು. ಜನವರಿಯಲ್ಲಿ ಕರುಗಳ ಸುದ್ದಿ ಕೇಳಿದ ಕೂಡಲೇ ನಾನು ನೋಡಿದ್ದೆ: ಮೆನ್ನೊ ರೀಪ್ಮಾ, ಒಂದೇ ಸಾಲು, ಹೆಸರಿನ ಜಾಗ ಖಾಲಿ. ಊಟಕ್ಕೆ ಹೊತ್ತಾಯಿತೆಂದು ಅವಸರದಲ್ಲಿ ಬರೆದು ಕಳಿಸಿದ ಸಾಲು ಅದು. ಹಿಸ್ಕೆಯೂ ನೋಡಿರಬಹುದು ಎಂದು ನನಗೆ ಹೊಳೆಯದೆ ಇರಲಿಲ್ಲ. ಹೊಳೆದದ್ದನ್ನು ಬದಿಗೆ ಸರಿಸಿ ನಾಲ್ಕು ತಿಂಗಳು ಅವಳ ಜೊತೆ ಹಲ್ಲು ಕಿಸಿದುಕೊಂಡು ಓಡಾಡಿದೆ. ಎಲ್ಮಾರನ ಮೇಲೆ ನನಗೆ ಕೋಪವಿದೆ, ಈಗಲೂ ಇದೆ. ಅದಕ್ಕಿಂತ ಹೆಚ್ಚಿನ ಕೋಪ ಯಾರ ಮೇಲೆ ಎಂದು ಬಿಡಿಸಿ ಹೇಳಬೇಕಿಲ್ಲ.

ಮೇ ತಿಂಗಳ ಒಂದು ಭಾನುವಾರ ಅವಳ ಅಡುಗೆಮನೆಯಲ್ಲಿ ಕೂತಿದ್ದೆ. ಕಾಫಿ ಕೊಟ್ಟಳು, ಸಕ್ಕರೆ ಬ್ರೆಡ್ಡಿನ ಒಂದು ಹೋಳಿನ ಮೇಲೆ ದಪ್ಪಗೆ ಬೆಣ್ಣೆ ಸವರಿ ನನ್ನ ಮುಂದಿಟ್ಟಳು. ಮೇಜಿನ ಮೇಲೆ ಅವಳ ಡೈರಿ ತೆರೆದಿತ್ತು. ಆಗಸ್ಟ್ ಒಂದರವರೆಗೆ ಎಷ್ಟು ಕಾಲ್ ಉಳಿದಿವೆ, ಆವೃತ್ತಿಗೆ ಹೊಸದನ್ನು ಸೇರಿಸುವ ಬಾಗಿಲು ಯಾವಾಗ ಮುಚ್ಚುತ್ತದೆ, ಎಲ್ಮಾರನ ರಜೆ ಯಾವಾಗ ಎಂದೆಲ್ಲ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ್ದಳು.

‘ಮುಂದಿನ ಸಲ ಮೊದಲನೇ ವಿಷಯ ಮಾಡಿಬಿಡು’ ಎಂದೆ ನಾನು.

‘ಮೊದಲು ಬರೆದು ಕಳಿಸಿದವರ ವಿಷಯ ಮೊದಲು. ಆ ನಿಯಮ ಮಾಡಿದ್ದು ನಾನಲ್ಲ, ನೀವು. ಮುರಿದ್ರೆ ಮೊದಲು ಬೊಬ್ಬೆ ಹಾಕೋರೂ ನೀವೇ.’

‘ಹಾಗಾದ್ರೆ ಅದರ ಮುಂದಿನ ಸಲ...’

ಅವಳು ಚಾಕುವನ್ನು ಬೆಣ್ಣೆಗೆ ಚುಚ್ಚಿ ಹಾಗೇ ಬಿಟ್ಟಳು. ‘ಮೆನ್ನೊ, ನಿಮ್ಮೆಲ್ಲರ ಬಾಯಲ್ಲೂ ಒಂದೇ ಮಾತು. ಮುಂದಿನ ಸಲ, ಮುಂದಿನ ಸಲ. ಹನ್ನೊಂದು ವರ್ಷ ನಿಮ್ಮ ಮುಂದಿನ ಸಲಗಳನ್ನ ಈ ಡೈರೀಲಿ ಬರ್ಕೊಂಡಿದೀನಿ. ನಿಮ್ಮ ಹುಟ್ಟುಹಬ್ಬ ಗೊತ್ತು ನನಗೆ, ಯಾರ ಮಗು ಯಾವ ಗಂಟೆಗೆ ಮಲಗುತ್ತೆ ಗೊತ್ತು, ಆ ಗಂಟೆ ಬಿಟ್ಟು ಕಾಲ್ ಇಟ್ಟಿದೀನಿ. ನನಗೆ ಒಂದು ಸಾಲು ಬೇಕು. ಒಂದು ಸಾಲು ಕೊಡೋಕೆ ಇಷ್ಟು ನಾಟಕ ಯಾಕೆ?’

ನಾನು ತಟ್ಟೆಯ ಬ್ರೆಡ್ಡನ್ನು ಎರಡು ತುಂಡು ಮಾಡಿದೆ.

‘ಒಂದು ಕೇಳ್ತೀನಿ, ನಿಜ ಹೇಳು. ನನ್ನ ಶುಕ್ರವಾರದ ಮೇಲ್ ಎಷ್ಟು ಜನ ಓದ್ತಾರೆ?’

‘ಬೇಜಾರು ಮಾಡ್ಕೋಬೇಡ. ಯಾರೂ ಓದಲ್ಲ.’

‘ನೀನು?’

‘ಸೋಮವಾರದ್ದು ಓದ್ತೀನಿ.’

ಬೇಜಾರು ಮಾಡಿಕೊಂಡಳೋ ಇಲ್ಲವೋ ಗೊತ್ತಾಗಲಿಲ್ಲ. ಪೆನ್ಸಿಲ್ ತೆಗೆದುಕೊಂಡು ಡೈರಿಯಲ್ಲಿ ಏನೋ ಗೀಚಿದಳು. ಇನ್ನೊಂದು ಹೋಳು ಕೊಡುತ್ತಾಳೆಂದು ಕಾದೆ, ಕೊಡಲಿಲ್ಲ.

ಜೂನ್ ಮೂರನೇ ಶುಕ್ರವಾರ ಹತ್ತು ಗಂಟೆಗೆ ಅವಳ ಮೇಲ್ ಬಂತು, ನಾನು ಅಳಿಸಿದೆ. ಸೋಮವಾರ ‘ವಿಷಯಗಳಿಲ್ಲ. ಕಾಲ್ ರದ್ದು’ ಎಂದು ಬಂತು, ಖುಷಿಯಾಯಿತು. ಹೆಂಡತಿಯ ಜೊತೆ ದೋಣಿಯಲ್ಲಿ ಸುತ್ತಾಡಿ ಬಂದೆ. ಎರಡು ವಾರದ ನಂತರ ಮತ್ತೆ ಶುಕ್ರವಾರ, ಮತ್ತೆ ಮೇಲ್, ಮತ್ತೆ ಅಳಿಸಿದೆ. ಆದರೆ ಹತ್ತೂಕಾಲಕ್ಕೆ ಎಲ್ಮಾರನಿಂದ ಲಿಸ್ಟ್‌ಗೆ ಒಂದು ಮೇಲ್ ಬಂತು, ಪೂರ್ತಿ ದೊಡ್ಡಕ್ಷರಗಳಲ್ಲಿ. ಮಾತು ಕೊಡುವ ಪುಟಕ್ಕೆ ಸಾಲು ಸೇರಿಸಿದವರು ಯಾರು, ಯಾರ ಒಪ್ಪಿಗೆ ಪಡೆದು?

ಕಸದಬುಟ್ಟಿಯಿಂದ ಜೂನಿನ ಮೇಲ್ ತೆಗೆದು ಓದಿದೆ. ಎಂದಿನ ಒಂದು ಸಾಲಿನ ಕೆಳಗೆ ಹಿಸ್ಕೆ ಎಲ್ಲವನ್ನೂ ಬರೆದಿದ್ದಳು. ಸೇರಿಸಬೇಕಾದ ಸಾಲು, ಅದರ ಕಾರಣ, ಕೊನೆಗೆ ನಮ್ಮದೇ ನಿಯಮದ ಪುಟದಿಂದ ಎತ್ತಿದ ವಾಕ್ಯ: ‘ಎರಡು ವಾರ ಯಾರೂ ಆಕ್ಷೇಪಿಸದಿದ್ದರೆ ಒಪ್ಪಿಗೆ ಸಿಕ್ಕಿದೆ ಎಂದು ತಿಳಿಯಬೇಕು.’ ನಾವು ನಲವತ್ತು ಜನ ಎರಡು ವಾರ ಸುಮ್ಮನಿದ್ದೆವು. ಹದಿನಾಲ್ಕು ದಿನ ಕಳೆದ ಮೇಲೆ, ಶುಕ್ರವಾರ ಹತ್ತು ಗಂಟೆ ಐದು ನಿಮಿಷಕ್ಕೆ, ತನ್ನ ಕೈಯಲ್ಲಿದ್ದ ಕೈಪಿಡಿಯ ಬೀಗ ತೆಗೆದು ಆ ಸಾಲನ್ನು ಒಳಗೆ ಹಾಕಿದ್ದಳು. ಯಾರಿಗೂ ಬೇಡದ್ದೆಂದು ನಾವು ಕೊಟ್ಟ ಬೀಗದ ಕೈ.

ಮಂಗಳವಾರದ ಕಾಲ್‌ಗೆ ಎಂದೂ ಕಾಣದಷ್ಟು ಜನ ಬಂದರು. ಮೂವತ್ತೊಂಬತ್ತು ಎಂದು ಪರದೆ ತೋರಿಸುತ್ತಿತ್ತು.

‘ಇದು ಮೋಸ’ ಎಂದು ಶುರು ಮಾಡಿದ ಎಲ್ಮಾರ್. ‘ಕದ್ದು ಸೇರಿಸಿದೀರ.’

‘ನಲವತ್ತು ಜನಕ್ಕೆ ಕಳಿಸಿ ಕದಿಯೋದು ಹೇಗೆ ಅಂತ ನನಗೂ ಹೇಳಿಕೊಡಿ’ ಎಂದಳು ಹಿಸ್ಕೆ. ಅವಳ ಹಿಂದೆ ಪಂಪಿನ ಸದ್ದು ಸಣ್ಣಗೆ ಕೇಳುತ್ತಿತ್ತು.

‘ಅಜೆಂಡಾ ಮೇಲ್‌ನಲ್ಲಿ ಯಾರು ಪ್ರಸ್ತಾಪ ಕಳಿಸ್ತಾರೆ? ಅದನ್ನ ಯಾರು ಓದ್ತಾರೆ?’

‘ಹನ್ನೊಂದು ವರ್ಷದಿಂದ ನಾನೂ ಅದನ್ನೇ ಯೋಚನೆ ಮಾಡ್ತಿದೀನಿ.’

ಯಾರೋ ನಕ್ಕರು, ಓರ್ಲಾ ಇರಬೇಕು. ಎಲ್ಮಾರನ ಮುಖ ಕೆಂಪಾಯಿತು. ‘ಆ ಸಾಲು ತೆಗೆಯೋಕೆ ನನಗೆ ಒಂದು ನಿಮಿಷ ಸಾಕು.’

‘ತೆಗೀರಿ. ತೆಗೆಯೋಕೂ ಲಿಸ್ಟ್‌ಗೆ ಬರೆದು ಎರಡು ವಾರ ಕಾಯ್ಬೇಕು. ಅಷ್ಟರಲ್ಲಿ ಆವೃತ್ತಿಯ ಬಾಗಿಲು ಮುಚ್ಚಿರುತ್ತೆ, ಮಾತು ಕೊಟ್ಟಾಗಿರುತ್ತೆ. ನಿಯಮ ನನ್ನದಲ್ಲ, ನೀವೇ ಬರ್ದಿದ್ದು. ನಾನು ಬರೀ ಕೈಪಿಡಿ ಓದಿದೆ.’

ಎಲ್ಮಾರ್ ಏನೋ ಹೇಳಲು ಬಾಯಿ ತೆರೆದ. ಅವಳು ಬಿಡಲಿಲ್ಲ. ‘ಇವತ್ತಿನ ವಿಷಯ ಒಂದೇ. ಸುತ್ತುಪ್ರಶ್ನೆ.’

ನಮ್ಮ ಕಡೆ ಎಂಥ ಸಣ್ಣ ಸಭೆಯಾದರೂ, ಇಗರ್ಜಿಯ ಸಮಿತಿಯಿರಲಿ, ಸ್ಕೇಟಿಂಗ್ ಕ್ಲಬ್ಬಿರಲಿ, ಕೊನೆಯಲ್ಲಿ ಅಧ್ಯಕ್ಷರು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೇಳುತ್ತಾರೆ, ನಿನಗೆ ಹೇಳುವುದೇನಾದರೂ ಇದೆಯೇ ಎಂದು. ಕೇಳದೆ ಸಭೆ ಮುಗಿಸಿದರೆ ಅವಮಾನ. ಹಿಸ್ಕೆ ಮೊದಲ ವರ್ಷ ನಮ್ಮ ಕಾಲ್‌ನಲ್ಲೂ ಅದನ್ನು ಮಾಡಲು ಹೋಗಿದ್ದಳು. ಸಮಯ ಹಾಳು ಎಂದು ನಾವು ನಿಲ್ಲಿಸಿದ್ದೆವು.

‘ಇವತ್ತು ಸುಮ್ಮನಿದ್ರೆ ಒಪ್ಪಿಗೆ ಅಂತ ತಗೊಳ್ಳಲ್ಲ. ಒಬ್ಬೊಬ್ಬರೂ ಬಾಯಿ ಬಿಟ್ಟು ಹೇಳಿ, ಆ ಸಾಲು ಇರಲಾ ಬೇಡ್ವಾ’ ಎಂದಳು. ಕಾಗದ ನೋಡದೆ ಕರೆಯಲು ಶುರು ಮಾಡಿದಳು. ಹೆಸರು, ಮನೆತನದ ಹೆಸರು, ಊರು, ಅವರು ನೋಡಿಕೊಳ್ಳುವ ಭಾಗ. ಬೆರ್ಗೆನ್ನಿನವನನ್ನು, ಪೋರ್ಟೊದವಳನ್ನು, ಐದು ವರ್ಷದಿಂದ ಕ್ಯಾಮೆರಾ ಹಾಕದೆ ಬಂದು ಕೂರುವ ಒಬ್ಬನನ್ನು ಕೂಡ. ಅವನ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಬ್ಬೊಬ್ಬರೇ ‘ಇರಲಿ’ ಎಂದರು. ಓರ್ಲಾ, ‘ಇರಲಿ. ಮೊದಲೇ ಇರಬೇಕಿತ್ತು’ ಎಂದಳು.

‘ಮೆನ್ನೊ ರೀಪ್ಮಾ, ಲೇವಾರ್ಡೆನ್, ಗಡಿಯಾರಗಳು.’

ಗಡಿಯಾರಗಳು ಎನ್ನುವಾಗ ಅವಳ ದನಿ ಸ್ವಲ್ಪವೂ ಬದಲಾಗಲಿಲ್ಲ. ಆಗ ನನಗೆ ಖಾತ್ರಿಯಾಯಿತು, ಜನವರಿಯಿಂದಲೂ ಅವಳಿಗೆ ಗೊತ್ತು. ಗೊತ್ತಿದ್ದೂ ಬೆಣ್ಣೆ ಸವರಿ ಕೊಟ್ಟಿದ್ದಳು.

‘ಇರಲಿ’ ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ‘ಇನ್ನೊಂದು ಮಾತು. ಏಳನೇ ನಂಬರ್ ಎಂಟಾಗಿದ್ದು ನಾನು ಸೇರಿಸಿದ ಗಡಿಯಾರದಿಂದ. ಹೆಸರಿಡೋಕೆ ಸೋಮಾರಿತನ ಮಾಡಿದೆ. ಆ ಐದು ಕರು ಸತ್ತಿದ್ದು ನನ್ನಿಂದ. ಗೊತ್ತಿದ್ದೂ ಆರು ತಿಂಗಳು ಬಾಯಿ ಮುಚ್ಕೊಂಡಿದ್ದೆ.’

ಎಲ್ಮಾರ್ ತಕ್ಷಣ ಬಾಯಿ ಹಾಕಿದ. ‘ನೋಡಿ, ಅದನ್ನೇ ನಾನು ಹೇಳ್ತಿರೋದು. ಇದು ಒಬ್ಬನ ಬೇಜವಾಬ್ದಾರಿ. ಅದಕ್ಕೆ ಇಡೀ ಯೋಜನೆ ಯಾಕೆ ಮಾತು ಕೊಡಬೇಕು?’

‘ಮೆನ್ನೊ ಬರೆದ ಸಾಲಿನ ಕೆಳಗೆ ಇನ್ನೊಂದು ಸಾಲಿದೆ’ ಎಂದಳು ಹಿಸ್ಕೆ. ‘ಪರಿಶೀಲಿಸಿದವರು, ಎಲ್ಮಾರ್ ಥೀಸೆನ್. ಮೆನ್ನೊ ಕಳಿಸಿ ನಾಲ್ಕು ನಿಮಿಷಕ್ಕೆ ಸಹಿ ಬಿದ್ದಿದೆ. ಓದಿ ಹಾಕಿದ್ರಾ, ಇಲ್ಲ ನನ್ನ ಮೇಲ್ ಥರಾನೇ ಅದನ್ನೂ ಓದ್ಲಿಲ್ವಾ?’

ಎಲ್ಮಾರ್ ತನ್ನ ಇನ್ನೊಂದು ಪರದೆಯ ಕಡೆ ತಿರುಗಿ ನೋಡಿದ. ಬಹಳ ಹೊತ್ತು ನೋಡಿದ, ಒಂದು ಸಾಲು ಓದಲು ಅಷ್ಟು ಹೊತ್ತು ಬೇಕಾಗಿರಲಿಲ್ಲ.

‘ಎಲ್ಮಾರ್ ಥೀಸೆನ್, ಬ್ರೆಮೆನ್, ಚೌಕಟ್ಟು’ ಎಂದು ಕರೆದಳು ಅವಳು. ‘ಇರಲಾ, ಬೇಡ್ವಾ?’

‘ಇರಲಿ’ ಎಂದ.

‘ಸಮಯ ಆಯ್ತು’ ಎಂದು ಹಿಸ್ಕೆ ಕಾಲ್ ಮುಗಿಸಿದಳು.

ಜುಲೈ ಕೊನೆಗೆ ಆವೃತ್ತಿ ಹೊರಬರುವುದಿತ್ತು. ಮಾತು ಕೊಡುವ ಆ ಪುಟವನ್ನು ಮುದ್ರಿಸಿ ಹಿಸ್ಕೆ ಮಂಡಳಿಗೆ ಕೊಟ್ಟಳು. ಇನ್ಸ್‌ಪೆಕ್ಟರ್ ಎರಡು ಸಲ ಓದಿ ಫೈಲಿಗೆ ಸೇರಿಸಿದ, ಪಂಪ್‌ಮನೆ ಉಳಿಯಿತು. ನಾನು ಮೂರು ವಾರ ಬೇರೆ ಕೆಲಸ ಬಿಟ್ಟು ಅನಾಥರಿಗೆ ಹೆಸರಿಡುತ್ತ ಕೂತೆ. ಡೌವೆಯ ಮನೆಗೂ ಹೋದೆ. ನಾನು ಹೇಳಿದ್ದನ್ನೆಲ್ಲ ಬಾಗಿಲಲ್ಲೇ ನಿಂತು ಕೇಳಿಸಿಕೊಂಡು, ‘ಒಂದು ಪದ ಬರೆಯೋಕಾ?’ ಎಂದು ಕೇಳಿದ. ಹೌದು ಎಂದೆ. ಅವನು ಬಾಗಿಲು ಹಾಕಿಕೊಂಡ.

ಆ ಕಾಲ್‌ನ ನಂತರದ ಸರದಿಯ ಶುಕ್ರವಾರ ಹತ್ತು ಗಂಟೆಗೆ ಮೇಲ್ ಬರಲಿಲ್ಲ. ಯಾರಿಗೂ ಗೊತ್ತಾಗಲಿಲ್ಲ, ಓದದ ಮೇಲ್ ಬಾರದಿದ್ದರೆ ಗೊತ್ತಾಗುವುದು ಹೇಗೆ. ಸೋಮವಾರವೂ ಬರಲಿಲ್ಲ. ರದ್ದಾಗಿಲ್ಲವಲ್ಲ ಎಂದುಕೊಂಡು ಮಂಗಳವಾರ ಹದಿನೆಂಟು ಜನ ಕಾಲ್‌ಗೆ ಬಂದು ಒಬ್ಬರ ಮುಖ ಒಬ್ಬರು ನೋಡುತ್ತ ಕೂತೆವು. ಶುರು ಮಾಡುವವರಿಲ್ಲ. ಇಂದು ಯಾರ ವಿಷಯ ಎಂದು ಯಾರಿಗೂ ತಿಳಿಯದು. ‘ಆಕೆ ಎಲ್ಲಿ?’ ಎಂದು ಓರ್ಲಾ ನನ್ನನ್ನು ಕೇಳಿದಳು. ಹನ್ನೆರಡು ನಿಮಿಷ ಕಾದು ಒಬ್ಬೊಬ್ಬರಾಗಿ ಎದ್ದುಹೋದರು.

ಅದೇ ದಿನ ಎಲ್ಮಾರ್ ನನಗೆ ಪ್ರತ್ಯೇಕವಾಗಿ ಬರೆದ. ಆವೃತ್ತಿಯ ಜೊತೆಗೆ ಹಾಕುವ ಕೃತಜ್ಞತೆಯ ಪಟ್ಟಿಯಲ್ಲಿ ಈ ಸಲ ಆಕೆಯನ್ನೂ ಸೇರಿಸಬೇಕು ಅಂದುಕೊಂಡಿದ್ದೇನೆ, ಹಿಸ್ಕೆ ಎಂದಷ್ಟೇ ಗೊತ್ತು, ಪೂರ್ತಿ ಹೆಸರು ತಿಳಿಸುತ್ತೀಯಾ ಎಂದು. ಓದಿ ನನಗೆ ಮೈಯೆಲ್ಲ ಉರಿಯಿತು. ಹನ್ನೊಂದು ವರ್ಷ. ಉತ್ತರ ಬರೆಯದೆ ಸೈಕಲ್ ತೆಗೆದುಕೊಂಡು ಲೂಟ್‌ವರ್ಡ್‌ಗೆ ಹೊರಟೆ. ಗಾಳಿ ಎದುರಿತ್ತು.

ಹಿಸ್ಕೆ ನೀಲಿ ಮೇಲಂಗಿ ತೊಟ್ಟು ಪಂಪಿನ ಎಣ್ಣೆ ಬದಲಿಸುತ್ತಿದ್ದಳು. ಕಾಲ್ ನಡೆಯಲಿಲ್ಲವೆಂದು ಹೇಳಿದೆ. ಗೊತ್ತು ಎಂಬಂತೆ ತಲೆಯಾಡಿಸಿದಳು. ಎಲ್ಮಾರ್ ಬರೆದದ್ದನ್ನು ಓದಿ ಹೇಳಿದೆ. ಕೈ ಒರೆಸಿಕೊಂಡು ಎಣ್ಣೆಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು.

‘ಅವನಿಗೆ ಹೇಳು’ ಎಂದಳು, ‘ಏಳನೇ ನಂಬರ್ ಅಂತ ಬರ್ಕೊಳ್ಲಿ. ನನ್ನ ಮುಂದೆ ಯಾರಾದ್ರೂ ಬಂದು ಕೂತ್ರೆ ಎಂಟು ಅಂತ ತಿದ್ಕೊಳ್ಲಿ.’